ರೀಲಿಗೆ ಸಿಕ್ಕ ಮಿಡಿ ಮರ

ನನ್ನ ಅತ್ತಿಗೆ ಹೇಮಾವತಿ ನಮ್ಮೂರು ಬ್ಯಾಕೋಡಿನಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾಳೆ. ಅವಳ ಫೋನಿನ ವ್ಯವಹಾರಕ್ಕೆಲ್ಲ ನಾನೇ ಗುರು. ಈ ವರ್ಷ ಆದ ಅನಾಹುತಕ್ಕೂ ಈ ದುರ್ಗೇಶನೇ ಕಾರಣ ಅಂತ ಊರಿಡೀ ಆಡಿಕೊಳ್ಳುತ್ತಿದೆ. ಆಡಿಕೊಳ್ಳಲಿ ಬಿಡಿ, ಊರಿಗೇನು ಬೇರೆ ಕೆಲಸ!

ಮೊದಲು ವಾಟ್ಸಾಪ್ ಸ್ಟೇಟಸ್ಸಿಗೆ ಬಾಟಲಿಯ ಫೋಟೋ ಹಾಕಿಸಿದೆ. ನೆಂಟರೆಲ್ಲ ನೋಡಿ "ನಮಗೊಂದು ಎತ್ತಿಡೇ" ಅಂದರು. ಭಾನುವಾರ ಬಂದು ಹೊಟ್ಟೆ ತುಂಬ ಉಂಡು, ಬಾಟಲಿ ಚೀಲಕ್ಕಿಳಿಸಿಕೊಂಡು ಹೋದರು. ನೆಂಟರ ಹತ್ತಿರ ದುಡ್ಡು ಕೇಳಲು ಅತ್ತಿಗೆಗೆ ನಾಚಿಕೆ. ಆಮೇಲೆ ಫೇಸ್‌ಬುಕ್. ಅಲ್ಲಿ ಬರೀ ರಿಟೈರಾದವರು. ಒಬ್ಬೊಬ್ಬರೂ ತಮ್ಮ ಅಜ್ಜಿಯ ಭರಣಿ ನೆನೆದು ಕಣ್ಣೀರು ಹಾಕಿದರು. ಶ್ರೀಕಾಂತ ಎಂಬ ಮಹಾನುಭಾವ ಮಿಡಿಯ ಇತಿಹಾಸವನ್ನೇ ಮೂರು ಕಂತಿನಲ್ಲಿ ಬರೆದ. ಆರ್ಡರ್ ಮಾತ್ರ ಒಂದೂ ಇಲ್ಲ! ಇನ್‌ಸ್ಟಾಗ್ರಾಂ ಹಾಗಲ್ಲ. ಮುಖ ಪರಿಚಯವಿಲ್ಲದವರು ಮೊದಲು ದುಡ್ಡು ಹಾಕಿ ಆಮೇಲೆ ವಿಳಾಸ ಕೊಟ್ಟರು. ಈ ಸಲ ಮಿಡಿ ಕೀಳುವ ಮೊದಲೇ ಅರವತ್ತು ಬಾಟಲಿಗೆ ಒಪ್ಪಿಕೊಂಡಾಗಿತ್ತು.

ಮಿಡಿ ಬರುವುದು ಹಳ್ಳದ ದಡದ ಒಂದು ಕಾಡುಮರದಿಂದ. ಮೂಸಿದರೆ ಜೀರಿಗೆ ಪರಿಮಳ. ಇಂಥ ಮರ ಎಲ್ಲಿದೆ ಅಂತ ನಮ್ಮ ಕಡೆ ಯಾರೂ ಬಾಯಿ ಬಿಡುವುದಿಲ್ಲ. ನಮ್ಮ ಮನೆಯಲ್ಲಂತೂ ಅದನ್ನು ಅತ್ತೆ ಸೊಸೆಗೆ ಮಾತ್ರ ತೋರಿಸುತ್ತಾಳೆ. ಮರ ಹತ್ತುವುದು ಅತ್ತಿಗೆ. ಹಗ್ಗದಲ್ಲಿ ಇಳಿಬಿಟ್ಟ ಬುಟ್ಟಿಯನ್ನು ಕೆಳಗೆ ಹಿಡಿಯುವುದು ನಮ್ಮವ್ವ ಶೇಷಮ್ಮ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಭರಣಿಯಲ್ಲಿ ಕೊಳೆಯುತ್ತದೆ, ಅದಕ್ಕೇ ಇಷ್ಟು ನಾಜೂಕು.

ಈ ವರ್ಷ ಅವ್ವನಿಗೆ ಜ್ವರ. ಬುಟ್ಟಿ ಹಿಡಿಯಲು ಅತ್ತಿಗೆ ವಿಧಿಯಿಲ್ಲದೆ ನನ್ನನ್ನು ಕರೆದೊಯ್ದಳು. ಸೀರೆ ಕಚ್ಚೆ ಕಟ್ಟಿ ಸರಸರ ಹತ್ತಿದಳು ನೋಡಿ, ನಾನು ಫೋನ್ ತೆಗೆದೆ.

"ಏ ಮಾರಾಯ, ಮರ ತೋರಿಸ್ಬ್ಯಾಡ!" ಅಂತ ಮೇಲಿಂದ ಕೂಗಿದಳು.

"ಮರ ನೋಡಿ ಯಾರಿಗೆ ಗೊತ್ತಾಗ್ತದೆ ಅತ್ತಿಗೆ, ಎಲ್ಲಾ ಒಂದೇ ಥರ ಇರ್ತವೆ" ಅಂದೆ.

ಒಂದು ಬುಟ್ಟಿ ಕಿತ್ತು, ಉಳಿದದ್ದು ತುಸು ದಪ್ಪವಾಗಲಿ ಅಂತ ಬಿಟ್ಟು ಬಂದೆವು. ರಾತ್ರಿ ರೀಲು ಹಾಕಿದೆ. ಹೆಚ್ಚು ಜನ ನೋಡಲಿ ಅಂತ ಹಳ್ಳದ ಲೊಕೇಶನ್ನೂ ಸೇರಿಸಿದೆ. ನಲವತ್ತು ಸಾವಿರ ಜನ ನೋಡಿದರು!

ಮೂರನೇ ದಿನ ಹೋದರೆ ಹಳ್ಳದ ಪಕ್ಕ ಎರಡು ಜೀಪು. ಮರದಲ್ಲಿ ಔಷಧಿಗೂ ಒಂದು ಮಿಡಿ ಇಲ್ಲ. ಹತ್ತಲು ಬಾರದವರು ಎರಡು ದಪ್ಪ ಕೊಂಬೆಗಳನ್ನೇ ಕಡಿದು ಕೆಡವಿದ್ದರು. ಅವರಲ್ಲೊಬ್ಬ "ಅಯ್ಯೋ, ರೀಲಿನ ಅಕ್ಕ!" ಅಂತ ಅತ್ತಿಗೆಯ ಜೊತೆ ಸೆಲ್ಫಿ ತೆಗೆಯಲು ಓಡಿ ಬಂದ. ಅವನ ಮನೆ ಹಾಳಾಗ! ಅತ್ತಿಗೆ ಕಡಿದ ಕೊಂಬೆಯ ಪಕ್ಕ ಕುಕ್ಕರುಬಡಿದು ಅತ್ತಳು.

ಮನೆಗೆ ಬಂದರೂ ಅಳು ನಿಲ್ಲಲಿಲ್ಲ. ಅವ್ವ ಬೈಯುತ್ತಾಳೆ ಅಂತ ನಾನು ಕಂಬದ ಮರೆಗೆ ನಿಂತೆ. ಅವ್ವ ಬೈಯಲಿಲ್ಲ.

"ಎಂತಕ್ಕೆ ಅಳ್ತೀಯೇ? ಆರ್ಡರ್ ಹೋತು ಅಂತಾನಾ?"

"ಆರ್ಡರ್ ಸಾಯ್ಲಿ, ದುಡ್ಡು ವಾಪಸ್ ಕೊಡ್ತೀನಿ. ಅಷ್ಟು ದಪ್ಪ ಕೊಂಬೆ ಕಡ್ದು ಹಾಕಿದಾರೆ, ಪಾಪಿಗಳು! ಆ ಮರ ಉಳೀತದೋ ಇಲ್ವೋ."

ಅವ್ವನ ಜ್ವರ ಆಗಲೇ ಇಳಿದಿತ್ತು. ಎದ್ದು ಗೋಡೆಯ ಮೇಲಿದ್ದ ಹಗ್ಗ ತೆಗೆದುಕೊಂಡಳು.

"ಏಳು. ಇನ್ನೊಂದು ಮರ ಐತೆ. ಇದಕ್ಕಿಂತ ದೊಡ್ಡದು."

ಅತ್ತಿಗೆಯ ಅಳು ಗಕ್ಕನೆ ನಿಂತಿತು. ಸಿಟ್ಟು ನೆತ್ತಿಗೇರಿತು. "ಇಪ್ಪತ್ತು ವರ್ಷ ಆತು ನಾನು ಈ ಮನೆಗೆ ಬಂದು. ನನ್ನ ನಂಬಿರ್ಲಿಲ್ವಾ?"

"ನಂಬಿದ್ದೆ ಕಣೇ. ನೀನು ಬರೀ ಮಿಡಿಗೆ ಹತ್ತೋಳು ಅಂದ್ಕಂಡಿದ್ದೆ. ಮರಕ್ಕೆ ಅಳೋದು ಇವತ್ತು ನೋಡ್ದೆ."