ದ್ಯಾವಯ್ಯ ಕಟ್ಟೆ ಒಡೆದದ್ದು

ಹಾಸನದ ಹಳೇ ಎಕ್ಸ್‌ಟೆನ್ಷನ್ನಿನಲ್ಲಿ ಯಾವ ಮನೆ ಮುಂದಿನ ಮರಕ್ಕೆ ಯಾವ ವರ್ಷ ಕಟ್ಟೆ ಬಂತು ಎಂದು ತಿಳಿಯಬೇಕಾದರೆ ಯಾವ ಕಚೇರಿಗೂ ಅಲೆಯಬೇಕಾಗಿಲ್ಲ, ಹರದನಹಳ್ಳಿಯ ಗಾರೆ ಮೇಸ್ತ್ರಿ ದ್ಯಾವಯ್ಯನನ್ನು ಕೇಳಿದರೆ ಸಾಕು. ಹೊಂಗೆ, ಬೇವು, ನೇರಳೆ ಎಂದು ನಲವತ್ತೊಂದು ಮರಗಳ ಸುತ್ತ ಇಟ್ಟಿಗೆ, ಸಿಮೆಂಟಿನ ಕಟ್ಟೆ ಕಟ್ಟಿದ್ದಾನೆ. ಈಗ ಅರವತ್ಮೂರನೇ ವಯಸ್ಸಿನಲ್ಲಿ ಅವುಗಳನ್ನು ಒಂದೊಂದಾಗಿ ಒಡೆದು ಹಾಕುತ್ತಿದ್ದಾನೆ. ತಮ್ಮ ಕೆಲಸಕ್ಕೆ ಗ್ಯಾರಂಟಿ ಕೊಡುವ ಮೇಸ್ತ್ರಿಗಳು ಊರ ತುಂಬ ಇದ್ದಾರೆ. ಕಟ್ಟಿದ್ದಕ್ಕೆ ತಾನೇ ಗತಿ ಕಾಣಿಸುವ ಮೇಸ್ತ್ರಿ ಇವನೊಬ್ಬನೇ.

ಇದಕ್ಕೆ ಕಾರಣ ಅವನ ಹಿತ್ತಿಲಲ್ಲೇ ಇತ್ತು. ತಾನೇ ಕಟ್ಟೆ ಕಟ್ಟಿದ್ದ ಬೇವಿನ ಮರ ನಾಲ್ಕು ವರ್ಷದ ಹಿಂದೆ ನಿಂತಲ್ಲೇ ಒಣಗಿತು. ಹೆಂಡತಿ ಪಾರ್ವತಮ್ಮ ಯಾರದೋ ಕಣ್ಣು ಬಿತ್ತು ಎಂದಳು. ಬೊಡ್ಡೆ ಕೀಳಲು ಅಗೆದಾಗ ದ್ಯಾವಯ್ಯ ಕಂಡದ್ದೇ ಬೇರೆ. ಕಟ್ಟೆಯೊಳಗೆ ಅವನು ತುಂಬಿದ್ದ ಎರಡೂವರೆ ಅಡಿ ಮಣ್ಣಿನಲ್ಲಿ ಹೂತಿದ್ದ ಕಾಂಡದ ತೊಗಟೆ ಚಹಾದಲ್ಲಿ ಅದ್ದಿದ ರಸ್ಕಿನಂತೆ ಮೆತ್ತಗಾಗಿತ್ತು. ಬೇರುಗಳು ಇಟ್ಟಿಗೆ ಗೋಡೆಗೆ ತಲೆ ಹೊಡೆದುಕೊಂಡು ಹಿಂದಿರುಗಿ, ಬೊಡ್ಡೆಯನ್ನೇ ಹಗ್ಗದ ಸಿಂಬಿಯಂತೆ ಸುತ್ತಿ ಹಿಡಿದಿದ್ದವು.

"ಯಾರ ಕಣ್ಣೂ ಅಲ್ಲ ಕಣಮ್ಮಿ, ಇದು ನನ್ ಕೈ," ಎಂದ ದ್ಯಾವಯ್ಯ. "ನಮ್ಮಪ್ಪ ಕಲ್ಲು ಜೋಡ್ಸೋನು. ಸಂದೀಲಿ ಗಾಳಿ ಆಡೋದು, ನೀರು ಇಳಿಯೋದು. ನಾನು ಸಿಮೆಂಟ್ ಬಳ್ದು, ಒಂದ್ ತೊಟ್ಟೂ ಇಳಿಯಕ್ಕಿಲ್ಲ ಅಂತ ಜಂಬ ಕೊಚ್ದೆ. ಇಳೀಲೇ ಇಲ್ಲ."

ಅಂದಿನಿಂದ ಉಳಿ, ಸುತ್ತಿಗೆ ಹಿಡಿದು, ಹಳೇ ಗಿರಾಕಿಗಳ ಗೇಟು ತಟ್ಟಿ, "ತಪ್ಪಾಗೈತೆ, ಸರಿ ಮಾಡ್ಕೊಡ್ತೀನಿ" ಎನ್ನತೊಡಗಿದ. ಕೆಲವರು ಕಾಫಿ ಕೊಟ್ಟರು, ಕೆಲವರು ನಾಯಿ ಬಿಟ್ಟರು. ಹೀಗೆ ಹನ್ನೊಂದು ಕಟ್ಟೆ ಒಡೆದ. ಆದರೆ ಮೂರನೇ ಅಡ್ಡರಸ್ತೆಗೆ ಮಾತ್ರ ಕಾಲಿಡಲಿಲ್ಲ. ಆ ಕಡೆ ಕೆಲಸವಿದ್ದರೂ ಟಿವಿಎಸ್ಸನ್ನು ಬಸ್‌ಸ್ಟ್ಯಾಂಡ್ ಸುತ್ತಿಸಿಕೊಂಡು ಹೋಗುತ್ತಿದ್ದ.

ಯಾಕೆಂದರೆ ಅಲ್ಲಿ ಶಿವಗಂಗಮ್ಮನ ಮನೆ ಮುಂದೆ ಹೊಂಗೆಮರವಿತ್ತು. ಅದರ ಸುತ್ತ ದ್ಯಾವಯ್ಯನ ಜೀವಮಾನದ ಕಟ್ಟೆಯಿತ್ತು. ದೊಡ್ಡಗದ್ದವಳ್ಳಿಯ ಗುಡಿ ನೋಡಿ ಬಂದ ಗುಂಗಿನಲ್ಲಿ ಕಟ್ಟಿದ್ದು: ಎಂಟು ಪಟ್ಟಿ, ಎಂಟು ಮೂಲೆ, ಮೂಲೆಗೊಂದು ಕಮಲ, ಮೇಲೆ ರೆಡ್ ಆಕ್ಸೈಡಿನ ಹೊಳಪು. ದಕ್ಷಿಣದ ಪಟ್ಟಿಯ ಮೇಲೆ, ಸಿಮೆಂಟು ಹಸಿಯಿದ್ದಾಗಲೇ ಚಮಚದ ಹಿಡಿಯಲ್ಲಿ ಕೊರೆದ ಅಕ್ಷರ: 'ದ್ಯಾವಯ್ಯ, 1999'. ಗುಡಿ ಕೆತ್ತಿದವರು ಹೆಸರು ಬರೆದುಕೊಳ್ಳಬಹುದಾದರೆ ಕಟ್ಟೆ ಕಟ್ಟಿದವನು ಯಾಕೆ ಬರೆದುಕೊಳ್ಳಬಾರದು? ಹೊಸ ಗಿರಾಕಿ ಬಂದರೆ ಬಾಯಲ್ಲಿ ಹೇಳದೆ ಅಲ್ಲಿಗೇ ಕರೆತಂದು ತೋರಿಸುತ್ತಿದ್ದ. ಅದು ಅವನ ಬಯೋಡೇಟಾ. ಸಿಮೆಂಟಿನದಾದ್ದರಿಂದ ತಿದ್ದುಪಡಿಗೆ ಅವಕಾಶವಿರಲಿಲ್ಲ.

ಈ ಸಲ ಯುಗಾದಿ ಕಳೆದ ಮೇಲೆ ಶಿವಗಂಗಮ್ಮನೇ ಫೋನು ಮಾಡಿದಳು.

"ಏನೋ ದ್ಯಾವಯ್ಯ, ಈ ರೋಡು ಮರ್ತೇ ಹೋಯ್ತಾ? ನಮ್ಮೆಜಮಾನ್ರು ನೆಟ್ಟ ಮರ ಅರ್ಧ ಚಿಗ್ರೈತೆ, ಅರ್ಧ ಬೋಳು. ಒಣಕೊಂಬೆ ಬಿದ್ದು ಸೊಸೆ ನೇತ್ರಾ ಸ್ಕೂಟರ್ ಕನ್ನಡಿ ಪುಡಿ. ಕಡಿಸ್ಬೇಕು ಅಂತ ಅರ್ಜಿ ಬರ್ದಿಟ್ಟವಳೆ. ಒಂದ್ಸಲ ಬಂದು ನೋಡು."

ಬಂದು ನೋಡಿದ. ಉತ್ತರದ ಕಡೆ ಹೊಂಗೆ ಮದುವಣಗಿತ್ತಿಯಂತೆ ನಿಂತಿತ್ತು. ದಕ್ಷಿಣದ ಕೊಂಬೆಗಳು ಕೊಡೆ ಕಡ್ಡಿಗಳಂತೆ ಬರಿದಾಗಿದ್ದವು. ಉಗುರಿನಿಂದ ತೊಗಟೆ ಗೀರಿದ. ಆ ಕೊಂಬೆಗಳಲ್ಲಿ ಕೆಲವು ಒಳಗೆ ಇನ್ನೂ ಹಸಿರಾಗಿದ್ದವು. ಜೀವವಿತ್ತು.

ಶಿವಗಂಗಮ್ಮನ ಸೊಸೆ ನೇತ್ರಾ ಕಾಲೇಜಿನಲ್ಲಿ ಲೆಕ್ಕದ ಮೇಡಂ. ಮಾತು ಕೂಡ ಹಾಗೇ, ಶೇಷ ಉಳಿಸುವುದಿಲ್ಲ. "ಅಂಕಲ್, ಕೆಳಗೆ ಮಗು ಆಡುತ್ತೆ. ಮಳೆ ಶುರುವಾಗಿ ಎರಡು ವಾರದೊಳಗೆ ಆ ಕಡೆ ಚಿಗುರು ಕಂಡ್ರೆ ಅರ್ಜಿ ಹರಿದಾಕ್ತೀನಿ. ಇಲ್ಲಾಂದ್ರೆ ಕೊಟ್ಟುಬಿಡ್ತೀನಿ."

ದ್ಯಾವಯ್ಯ ಮರುದಿನವೇ ಉತ್ತರದ ಪಟ್ಟಿಗೆ ಉಳಿ ಇಟ್ಟ. ಹಾರೆ ಮುಟ್ಟಲಿಲ್ಲ, ಬೇರಿಗೆ ತಗುಲೀತೆಂದು. ಇಟ್ಟಿಗೆಯನ್ನು ಒಂದೊಂದೇ ಬಿಡಿಸಿ, ಮಣ್ಣನ್ನು ತೆಂಗಿನ ಚಿಪ್ಪಿನಲ್ಲಿ ಮೊಗೆದು ತೆಗೆದ. ಮಗುವಿಗೆ ಸ್ನಾನ ಮಾಡಿಸುವವರೂ ಅಷ್ಟು ಮೆಲ್ಲಗೆ ನೀರು ಹುಯ್ಯುವುದಿಲ್ಲ.

ಸಂಜೆ ಐದಕ್ಕೆ ಎದುರುಮನೆಯ ರುದ್ರಯ್ಯ ಫ್ಲಾಸ್ಕು ಹಿಡಿದು ಬಂದ. ತಾಲ್ಲೂಕು ಕಚೇರಿಯಿಂದ ರಿಟೈರಾದವನು. ಕಟ್ಟೆಯ ಮೇಲಿನ ಹರಟೆಯಿಂದ ರಿಟೈರಾಗುವ ಇರಾದೆ ಇಲ್ಲದವನು. ಅವನ ಖಾಯಂ ಜಾಗ ದಕ್ಷಿಣದ ಪಟ್ಟಿ, ಸರಿಯಾಗಿ ದ್ಯಾವಯ್ಯನ ಹೆಸರಿನ ಮೇಲೆ.

"ಏನಯ್ಯ ಇದು ಧ್ವಂಸ?"

"ಸಾ, ನಾನ್ ಏಳೋದು ಕೇಳಿ..."

"ನೀನು ಏಳೋದಾದ್ರೆ ಏಳು. ನಾನು ಏಳಲ್ಲ. ಇಪ್ಪತ್ತೈದು ವರ್ಷದ ಸ್ವಾಧೀನಾನುಭವ ಇದೆ. ನೋಟಿಸ್ ಕೊಡದೆ ನನ್ನ ಎಬ್ಬಿಸೋಕಾಗಲ್ಲ."

"ಮರ ಸಾಯ್ತೈತೆ ಸಾ."

"ಮರ ಸತ್ರೂ ಕಟ್ಟೆ ಇರುತ್ತಲ್ಲಯ್ಯ!"

ದಿನಕ್ಕೊಂದು ಪಟ್ಟಿಯಂತೆ ಏಳು ದಿನಕ್ಕೆ ಏಳು ಪಟ್ಟಿ ಹೋದವು. ಎಂಟನೆಯದರ ಮೇಲೆ ರುದ್ರಯ್ಯ ದಿನಾ ಸಂಜೆ ಐದರಿಂದ ಏಳರವರೆಗೆ, ಸುತ್ತ ಹಳ್ಳ, ನಡುವೆ ದ್ವೀಪ ಎಂಬಂತೆ ಕಾಲು ಇಳಿಬಿಟ್ಟು ಕೂರತೊಡಗಿದ. "ರುದ್ರಯ್ನೋರೆ, ದೋಣಿ ಕಳಿಸ್ಲಾ?" ಎಂದು ಆಟೋದವನೊಬ್ಬ ಕೂಗಿ ಹೋದ. ರುದ್ರಯ್ಯ ಫ್ಲಾಸ್ಕಿನ ಮುಚ್ಚಳವನ್ನು ರಾಜಗಾಂಭೀರ್ಯದಿಂದ ತಿರುಗಿಸಿದ.

ಮೂರು ದಿನ ಹೀಗೇ ಹೋಯಿತು. ನಾಲ್ಕನೆಯ ದಿನ ಮಧ್ಯಾಹ್ನ ದ್ಯಾವಯ್ಯ, ಆಗಲೇ ನಯವಾಗಿದ್ದ ಬೇರಿನ ಮಣ್ಣನ್ನು ಮತ್ತೊಮ್ಮೆ ನಯ ಮಾಡುತ್ತ ಕೂತಿದ್ದಾಗ ಶಿವಗಂಗಮ್ಮ ಮಜ್ಜಿಗೆ ತಂದಳು.

"ಆ ಪಟ್ಟಿ ಯಾವಾಗ ಒಡೀತೀಯ?"

"ರುದ್ರಯ್ನೋರು ಏಳಕ್ಕಿಲ್ಲ ಅಂತಾರಲ್ಲಮ್ಮ. ಎಂಗೆ ಒಡೀಲಿ?"

"ಅವ್ರು ಬರೋದು ಐದು ಗಂಟೆಗೆ. ಬೆಳಗ್ಗೆ ಎಂಟರಿಂದ ಅಲ್ಲಿ ಯಾರು ಕೂತಿದ್ರು? ನಮ್ಮನೆ ಬೆಕ್ಕಾ?"

ದ್ಯಾವಯ್ಯ ಮಜ್ಜಿಗೆ ಮುಗಿಸಿ ಬಾಯಿ ಒರೆಸಿಕೊಂಡ. "ಬಿಸ್ಲು ಕಣಮ್ಮ. ಆ ಕಡೆ ಬೋ ಬಿಸ್ಲು."

"ಮರದ ಬುಡದಲ್ಲಿ ಅದ್ಯಾವ ಬಿಸ್ಲೋ?"

"ಎಲೆ ಇದ್ರಲ್ವಾ ನೆಳ್ಳು?" ಎಂದ.

ತಿರುಗಿ ನೋಡಿದ. ರಸ್ತೆಗೆಲ್ಲ ನೆರಳು ಚೆಲ್ಲಿದ್ದ ಹೊಂಗೆಯ ಕೆಳಗೆ ಆ ಒಂದು ಪಟ್ಟಿ ಮಾತ್ರ ಸುಡುಬಿಸಿಲಿನಲ್ಲಿ ಹೊಳೆಯುತ್ತಿತ್ತು. ಬೆಳಕು ಬಿಟ್ಟಂತೆ, ಒಂದಕ್ಷರವೂ ಬಿಡದೆ, ಅವನ ಹೆಸರು ಕಾಣುತ್ತಿತ್ತು. ಅಷ್ಟು ಚೆನ್ನಾಗಿ ಅದು ಎಂದೂ ಕಂಡಿರಲಿಲ್ಲ. ಎಲೆಯಿದ್ದ ಕಾಲದಲ್ಲಿ ಗಿರಾಕಿಗಳು ಬಗ್ಗಿ ಓದಬೇಕಾಗುತ್ತಿತ್ತು.

ಶಿವಗಂಗಮ್ಮ ಲೋಟ ತೆಗೆದುಕೊಂಡು ಹೋದಳು.

ಐದಕ್ಕೆ ರುದ್ರಯ್ಯ ಬಂದಾಗ ದ್ಯಾವಯ್ಯ ಉಳಿ ಹಿಡಿದು ದ್ವೀಪದ ಪಕ್ಕದಲ್ಲೇ ನಿಂತಿದ್ದ. ರುದ್ರಯ್ಯ ಅವನನ್ನು ಸುತ್ತಿಕೊಂಡು ಹೋಗಿ ಕೂತ.

"ನಾನು ಎದ್ರೆ ನನ್ನ ಸೀಟಷ್ಟೇ ಹೋಗಲ್ಲ ಕಣಯ್ಯ, ನಿನ್ನ ಹೆಸ್ರೂ ಹೋಗುತ್ತೆ. ಇಷ್ಟು ದಿನ ಯಾರಿಗೋಸ್ಕರ ಕೂತಿದ್ದೆ ಅಂದ್ಕೊಂಡೆ? ಮೂರು ದಿನದಿಂದ ನೀನು ಈ ಪಟ್ಟಿ ಮುಟ್ಟದೆ, ನಾನು ಬರೋಕೆ ಮುಂಚೆ ನಾಲ್ಕಕ್ಕೇ ಸಾಮಾನು ಕಟ್ಟೋದು ನಮ್ಮ ಕಿಟಕಿಗೆ ಕಾಣುತ್ತೆ."

ದ್ಯಾವಯ್ಯನಿಗೆ ನಗು ಬಂತು. "ಓಗ್ಲಿ ಬುಡಿ ಸಾ. ಎಸ್ರು ಬಿಸ್ಲಲ್ಲಿ ಕೂತೈತೆ, ನೀವೂ ಬಿಸ್ಲಲ್ಲಿ ಕೂತಿದ್ದೀರಿ. ಏಳಿ."

ರುದ್ರಯ್ಯ ಬೋಳು ಕೊಂಬೆಗಳತ್ತ ನೋಡಿದ. ಬೋಳು ತಲೆ ಸವರಿಕೊಂಡ. ಎದ್ದ. ಅಷ್ಟೇ ಅಲ್ಲ, ಪಂಚೆ ಎತ್ತಿಕಟ್ಟಿ, "ಆ ಚಿಪ್ಪು ಕೊಡು," ಎಂದು ಮಣ್ಣು ಮೊಗೆಯಲು ಕೂತ. ಹೆಸರಿದ್ದ ತುಂಡನ್ನು ದ್ಯಾವಯ್ಯ ನಾಲ್ಕು ಪೆಟ್ಟಿಗೆ ಇಡಿಯಾಗಿ ಬಿಡಿಸಿ ಪಕ್ಕಕ್ಕಿಟ್ಟ. ಅದರಡಿಯಲ್ಲಿ ಹೆಬ್ಬೆರಳು ದಪ್ಪದ ಮೂರು ಬೇರುಗಳು ಬೊಡ್ಡೆಯನ್ನು ಬಿಗಿದಿದ್ದವು. ಅವುಗಳನ್ನು ಕೊಯ್ದು, ಕೊಳೆತ ತೊಗಟೆ ಹೆರೆದು, ಮತ್ತೆ ಕೊಳೆ ಹತ್ತದಂತೆ ಕಾಫಿತೋಟದವರು ಬಳಿಯುವ ಮೈಲುತುತ್ತ, ಸುಣ್ಣದ ಲೇಪ ಬಳಿದ. ಪೂರ್ತಿ ಒಣಗಿದ್ದ ಕೊಂಬೆಗಳನ್ನು ಇಳಿಸಿದ. ಬುಡದಿಂದ ದೂರ, ಕೊಂಬೆಗಳ ತುದಿಯ ಕೆಳಗೆ, ಎರಡು ಬಂಡೆಯ ಮೇಲೊಂದು ಚಪ್ಪಡಿಯಿಟ್ಟು ರುದ್ರಯ್ಯನಿಗೆ ಬೆಂಚು ಮಾಡಿಕೊಟ್ಟ. ಸಿಮೆಂಟು ಸೋಕಿಸಲಿಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು. ಹತ್ತು ದಿನ ಏನೂ ಇಲ್ಲ. ನೇತ್ರಾ ಅರ್ಜಿಯನ್ನು ಹ್ಯಾಂಡ್‌ಬ್ಯಾಗಿಗೆ ಹಾಕಿಕೊಂಡಳು. ಹನ್ನೆರಡನೆಯ ದಿನ ಬೆಳಗ್ಗೆ ಗೇಟಿನಿಂದಲೇ ಫೋನು ಮಾಡಿದಳು: "ಅಂಕಲ್, ದಕ್ಷಿಣದ ಎರಡನೇ ಕೊಂಬೆ. ಏಳು ಎಲೆ. ಎರಡು ಸಲ ಎಣಿಸ್ದೆ." ದ್ಯಾವಯ್ಯ ಬರುವ ಹೊತ್ತಿಗೆ ಅರ್ಜಿ ಚೂರಾಗಿತ್ತು. ರುದ್ರಯ್ಯ ಬೆಂಚಿನ ಮೇಲೆ ಕೂತು, ಚಿಗುರು ಬಂದದ್ದು ಮಣ್ಣು ಮೊಗೆದ ತನ್ನ ಕೈಗುಣದಿಂದ ಎಂದು ಬೀದಿಗೆಲ್ಲ ಸಾರುತ್ತಿದ್ದ. ದ್ಯಾವಯ್ಯ ಅಲ್ಲಗಳೆಯಲಿಲ್ಲ.

ಹೆಸರಿನ ತುಂಡನ್ನು ಅವನು ಬಿಡಿಸಿದ ದಿನವೇ ಟಿವಿಎಸ್ಸಿನ ಮುಂದಿಟ್ಟುಕೊಂಡು ಹರದನಹಳ್ಳಿಗೆ ತಂದಿದ್ದ, ಎಲ್ಲಾದರೂ ಗೋಡೆಗೆ ಕೂರಿಸೋಣವೆಂದು. ಪಾರ್ವತಮ್ಮ ಅದನ್ನು ನಲ್ಲಿಯ ಪಕ್ಕ ಒಗೆಯುವ ಕಲ್ಲಾಗಿ ಕೂರಿಸಿದಳು. ನಲವತ್ತು ವರ್ಷದಲ್ಲಿ ಒಮ್ಮೆಯೂ ಗಂಡನ ಹೆಸರು ಬಾಯಲ್ಲಿ ಆಡದ ಹೆಂಗಸು ಈಗ ದಿನಾ ಅದರ ಮೇಲೆ ದುಪ್ಪಟಿ ಬಡಿಯುತ್ತಾಳೆ.

"ಅಲ್ಲಮ್ಮಿ, ಅದು ನನ್ನ ಎಸ್ರು ಕಣೆ!"

"ಗೊತ್ತು ಕಣೇಳಿ. ಬಾಯಲ್ಲಿ ಏಳ್ಬಾರ್ದು ಅಂತ ನಮ್ಮವ್ವ ಏಳಿದ್ಲು. ಒಗೀಬಾರ್ದು ಅಂತ ಏಳಿರ್ಲಿಲ್ಲ."

ಎರಡು ತಿಂಗಳಲ್ಲಿ 'ದ್ಯಾ' ಸವೆದಿದೆ. ದ್ಯಾವಯ್ಯನಿಗೆ ಬೇಜಾರಿಲ್ಲ, ಟಿವಿಎಸ್ಸನ್ನು ಈಗ ಮೂರನೇ ಅಡ್ಡರಸ್ತೆಯ ಮೇಲೇ ಓಡಿಸುತ್ತಾನೆ. ಹೊಂಗೆಯ ಕೆಳಗೆ ಕಾಲು ಕೊಟ್ಟು ನಿಲ್ಲಿಸಿ, ತಲೆಯೆತ್ತಿ ಎಲೆ ನೋಡಿಕೊಂಡು, ಹದಿಮೂರನೇ ಕಟ್ಟೆಯತ್ತ ಹೊರಡುತ್ತಾನೆ.