ಏಳು ಕಚ್ಚಿನ ಕಬ್ಬಿಣ

ಚಿಕ್ಕಲಸಂದ್ರದ ಬಾಡಿಗೆ ಮನೆಗೆ ಬಂದ ಮೂರನೆಯ ದಿನ, ಕೋಣೆಯ ಸಜ್ಜಾ ಒರೆಸಲು ಸ್ಟೂಲು ಹತ್ತಿದ ನನ್ನ ಹೆಂಡತಿ ಒರೆಸುವುದನ್ನು ನಿಲ್ಲಿಸಿ ಹಾಗೇ ನಿಂತುಬಿಟ್ಟಳು. ಕೆಳಗೆ ಸ್ಟೂಲು ಹಿಡಿದುಕೊಂಡಿದ್ದ ನನಗೆ ಅವಳ ಪಾದಗಳಷ್ಟೇ ಕಾಣುತ್ತಿದ್ದವು.

"ರೀ, ಇದನ್ನ ನೀವೇ ಇಳಿಸಿ. ನಾನು ಮುಟ್ಟಲ್ಲ."

ಇಳಿಸಿದೆ. ಕೆಂಪು ಬಟ್ಟೆಯೊಂದರ ಮೇಲೆ ಗೇಣುದ್ದದ ಚಪ್ಪಟೆ ಕಬ್ಬಿಣದ ಪಟ್ಟಿ. ಅದರ ಅಂಚಿನಲ್ಲಿ ಸಾಲಾಗಿ ಏಳು ಕಚ್ಚುಗಳು. ತುದಿಗೆ ಅರಿಶಿನದ ದಾರ, ಮೈಮೇಲೆ ಒಣಗಿ ಕಪ್ಪಾದ ಕುಂಕುಮ, ಪಕ್ಕದಲ್ಲಿ ಕಲ್ಲಾಗಿದ್ದ ಒಂದು ನಿಂಬೆಹಣ್ಣು.

ಮಗಳಿಗೆ ಆಗ ಏಳನೆಯ ತಿಂಗಳು. ಅಳಿಯ ಕೆಲಸದ ಮೇಲೆ ಎರಡು ತಿಂಗಳು ಹೊರಗೆ ಹೋಗುವವನಿದ್ದ. ಅವಳೊಬ್ಬಳನ್ನೇ ಅಲ್ಲಿ ಬಿಡುವಂತಿರಲಿಲ್ಲ. ಶುಕ್ರವಾರ ಕರೆತರುವುದೆಂದು ನಿಶ್ಚಯವಾಗಿತ್ತು. ಇದು ಸಿಕ್ಕಿದ್ದು ಮಂಗಳವಾರ. ಹೆಂಡತಿ ದೂರದಿಂದಲೇ ಕಚ್ಚುಗಳನ್ನು ಎರಡು ಸಲ ಎಣಿಸಿದಳು.

"ಏಳು. ಇದೇನು ಅಂತ ಗೊತ್ತಾಗೋ ತನಕ ಅವಳು ಈ ಹೊಸ್ತಿಲು ತುಳಿಯೋದು ಬೇಡ."

ನಾನು ವಿಚಾರವಾದಿ. ಮೂವತ್ತು ವರ್ಷ ಕಚೇರಿಯಲ್ಲಿ ಕಡತದಲ್ಲಿ ಇಲ್ಲದ್ದನ್ನು ನಂಬದೆ ಬಾಳಿದವನು. ಮಾಟ ಗೀಟ ಎಲ್ಲ ಶುದ್ಧ ಸುಳ್ಳೆಂದು ಘೋಷಿಸಿ, ಆ ವಸ್ತುವನ್ನು ನಿಂಬೆಹಣ್ಣಿನ ಸಮೇತ ನಾಲ್ಕು ಪದರ ಪತ್ರಿಕೆಯಲ್ಲಿ ಸುತ್ತಿ, ಕೆಳಗೆ ಹೋಗಿ ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಬಂದೆ.

"ಸುಳ್ಳಾದ್ರೆ ಮನೆಯೊಳಗೇ ಇಡಬಹುದಿತ್ತಲ್ಲ?"

"ತುಕ್ಕು ಉದುರುತ್ತೆ," ಅಂದೆ.

ಮಾರನೆಯ ದಿನ ಜಯನಗರದ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋದೆ. ಕಬ್ಬಿಣದಲ್ಲೇ ಬದುಕುವವನಿಗೆ ಕಬ್ಬಿಣದ ಗುರುತು ಸಿಗದೆ ಇರುತ್ತದೆಯೇ ಎಂಬುದು ನನ್ನ ತರ್ಕ. ಆತ ಪತ್ರಿಕೆಯ ಮೂರನೆಯ ಪದರದಲ್ಲೇ ಕುಂಕುಮ ಕಂಡು ಕೈ ಹಿಂತೆಗೆದ.

"ಒಳಗೆ ತರಬೇಡಿ ಸಾರ್. ಇನ್ನೂ ಬೋಣಿ ಆಗಿಲ್ಲ."

ಅಲ್ಲಿಗೆ ನನ್ನ ವಿಚಾರವಾದಕ್ಕೆ ಸ್ವಲ್ಪ ಪೆಟ್ಟು ಬಿತ್ತು. ಸಂಜೆ ಮಗಳ ಫೋನು.

"ಅಪ್ಪಾ, ಶುಕ್ರವಾರ ಎಷ್ಟು ಗಂಟೆಗೆ ಬರ್ತೀರಾ?"

"ನೋಡ್ತೀನಮ್ಮ."

"ನೋಡೋದೇನಿದೆ? ಬಟ್ಟೆ ಎಲ್ಲಾ ಪ್ಯಾಕ್ ಮಾಡಿ ಕೂತಿದೀನಿ."

ಟ್ರಾಫಿಕ್ ವಿಷಯ ಮಾತಾಡಿದೆ. ಅಡುಗೆಮನೆಯಿಂದ ಹೆಂಡತಿ ಕಿವಿಗೊಟ್ಟಿದ್ದಳು. ಇಬ್ಬರಿಗೂ ಊಟ ಸೇರಲಿಲ್ಲ.

ಗುರುವಾರ ಬೆಳಗ್ಗೆ ಯಡಿಯೂರಿನ ಒಂದು ಅಡ್ಡರಸ್ತೆಯಲ್ಲಿ, ಕಾಂಪೌಂಡಿನ ನೆರಳಿಗೆ ಕೂತು ಹಳೆಯ ಬಾಗಿಲು ರಿಪೇರಿ ಮಾಡುತ್ತಿದ್ದ ವಯಸ್ಸಾದ ಬಡಗಿಯೊಬ್ಬರು ಕಂಡರು. ಸ್ಕೂಟರು ನಿಲ್ಲಿಸಿ ಪೊಟ್ಟಣ ಬಿಚ್ಚಿದೆ.

"ಯಜಮಾನ್ರೇ, ಹೊಸದಾಗಿ ಬಂದ ಬಾಡಿಗೆ ಮನೆ ಸಜ್ಜಾ ಮೇಲೆ ಸಿಕ್ತು. ಇದೇನು ಅಂತ ಹೇಳ್ತೀರಾ?"

ಅವರು ಪಟ್ಟಿಯನ್ನು ಬರಿಗೈಯಲ್ಲೇ ತೆಗೆದುಕೊಂಡರು. ತಮ್ಮ ಗರಗಸವನ್ನು ಮಂಡಿಗಳ ನಡುವೆ ಹಲ್ಲು ಮೇಲಾಗಿ ಸಿಕ್ಕಿಸಿ, ಒಂದು ಹಲ್ಲನ್ನು ಮೂರನೆಯ ಕಚ್ಚಿಗೆ ಕೂರಿಸಿ ಎಡಕ್ಕೆ ಒತ್ತಿದರು. ಪಕ್ಕದ ಹಲ್ಲನ್ನು ಬಲಕ್ಕೆ.

"ಒಂದು ಆ ಕಡೆ, ಒಂದು ಈ ಕಡೆ ಬಾಗಿಸ್ಬೇಕು ಸಾರ್. ಇಲ್ದಿದ್ರೆ ಗರಗಸ ಮರದೊಳಗೆ ಸಿಕ್ಕಾಕೊಳ್ತದೆ. ಈಗೆಲ್ಲಾ ಮಿಷಿನ್ ಬಂದು ಇದನ್ನ ಕೇಳೋರೇ ಇಲ್ಲ."

"ಏಳೇ ಯಾಕೆ?"

"ದಪ್ಪ ಗರಗಸಕ್ಕೆ ಅಗಲದ ಕಚ್ಚು, ತೆಳು ಗರಗಸಕ್ಕೆ ಸಣ್ಣದು. ನನ್ನತ್ರ ಇರೋದ್ರಲ್ಲಿ ಐದಿದೆ."

"ಮತ್ತೆ ಈ ಕುಂಕುಮ, ದಾರ, ನಿಂಬೆಹಣ್ಣು?"

ಅವರು ನನ್ನನ್ನು ನೋಡಿದರು. ಆಮೇಲೆ ನನ್ನ ಸ್ಕೂಟರನ್ನು ನೋಡಿದರು. ಅದರ ಹ್ಯಾಂಡಲಿಗೆ ಬಣ್ಣ ಹೋದ ಅರಿಶಿನದ ದಾರ, ಮುಂಭಾಗದಲ್ಲಿ ಹೋದ ವರ್ಷದ ಕುಂಕುಮದ ಕಲೆ.

"ಆಯುಧ ಪೂಜೆ ಸಾರ್. ನಿಮ್ಮ ಗಾಡಿಗೆ ಮಾಟ ಮಾಡ್ಸಿದೀರಾ?"

ಪ್ರತಿ ವರ್ಷ ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು ಅಪ್ಪಚ್ಚಿ ಮಾಡುವವನು ನಾನೇ.

"ನಿಮಗಿಂತ ಮುಂಚೆ ಇದ್ದ ಬಡಗಿ ಯಾರೋ ಮನೆ ಬಿಡೋವಾಗ ಮರ್ತಿದಾನೆ, ಪಾಪ. ಎಸೀಬೇಡಿ. ಹುಡುಕ್ಕೊಂಡು ಬಂದ್ರೂ ಬಂದಾನು," ಅಂದರು.

ಮನೆಗೆ ಬಂದು ಹಲ್ಲಿನ ಕಥೆಯನ್ನೆಲ್ಲ ಒಪ್ಪಿಸಿದೆ. ಹೆಂಡತಿ ಪಟ್ಟಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು, ಸೆರಗಿನಿಂದ ಒರೆಸಿದಳು. ಆಮೇಲೆ ಮಗಳಿಗೆ ಫೋನು ಮಾಡಿದಳು.

"ನಾಳೆ ಅಪ್ಪ ಬೇಗನೇ ಬರ್ತಾರೆ, ರೆಡಿ ಇರು. ಹತ್ತೂವರೆ ಒಳಗೆ ಮನೆ ಸೇರ್ಬೇಕು, ಆಮೇಲೆ ರಾಹುಕಾಲ."

ನಾನು ಕ್ಯಾಲೆಂಡರಿನ ಹತ್ತಿರ ಹೋಗಿ, ಹತ್ತೂವರೆಯೇ ಹೌದೆಂದು ಖಚಿತಪಡಿಸಿಕೊಂಡೆ.