ಉಸಿರುಗಟ್ಟಿದ ಗೋಡೆ

ತೊಟ್ಟಿಲಿಗೂ ಗೋಡೆಗೂ ನಡುವೆ ಮೊನ್ನೆಯವರೆಗೆ ನಾಲ್ಕು ಬೆರಳು ಹಿಡಿಸುತ್ತಿದ್ದವು. ಈ ಬೆಳಿಗ್ಗೆ ಕೆರೀನ್ ಕೈ ತೂರಿಸಿ ನೋಡಿದರೆ ಮೂರೇ ಬೆರಳು. ಗುಡಿಸುವಾಗ ತೊಟ್ಟಿಲು ಸರಿದಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೆ ತೊಟ್ಟಿಲಿನ ಕಾಲುಗಳ ಸುತ್ತ ಹಲಗೆ ನೆಲದ ಮೇಲೆ ಅವಳೇ ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟಿದ್ದಳು. ನಾಲ್ಕು ಕಾಲೂ ಗೆರೆಯೊಳಗೆ ಇದ್ದಲ್ಲೇ ಇದ್ದವು.

ನಿದ್ದೆಯಲ್ಲಿದ್ದ ಹನ್ನೊಂದು ತಿಂಗಳ ಮಗಳು ಅಮೋಯಾಳನ್ನು ಎತ್ತಿ ಭುಜಕ್ಕೆ ಹಾಕಿಕೊಂಡಳು. ಇನ್ನೊಂದು ಕೈಯಿಂದ ತೊಟ್ಟಿಲನ್ನು ಎದುರು ಗೋಡೆಯ ಕಡೆಗೆ ಎಳೆದಳು. ಅರ್ಧ ದಾರಿಯಲ್ಲಿ ಕೈ ನಿಂತಿತು. ಎದುರು ಗೋಡೆಗೂ ಅದೇ ಸಿಮೆಂಟು, ಅದೇ ಗುಲಾಬಿ ಬಣ್ಣ. ಕೊನೆಗೆ ತೊಟ್ಟಿಲು ಕೋಣೆಯ ನಟ್ಟನಡುವೆ, ಸಂತೆಯಲ್ಲಿ ಮರೆತುಹೋದ ಸಾಮಾನಿನಂತೆ ಉಳಿಯಿತು.

"ಭಯಪಡೋದು ನಿನಗೊಂದು ಹವ್ಯಾಸ ಆಗ್ಬಿಟ್ಟಿದೆ ಕಣೇ" ಎಂದು ಗಂಡ ಓನೀಲ್ ಮುಂಜಾನೆ ವ್ಯಾನು ತೆಗೆಯುವಾಗ ಹೇಳಿ ಹೋಗಿದ್ದ. ಅವನು ಹಡಗಿನ ಪ್ರವಾಸಿಗರನ್ನು ಕರಾವಳಿಯ ಊರು ಓಚೊ ರಿಯೋಸ್‌ಗೆ ಸುತ್ತಾಡಿಸಿಕೊಂಡು ಬರುವವನು. ಊರಿನ ಫಾಲ್ಮತ್ ಬಂದರಿಗೆ ಎರಡು ಹಡಗು ಬಂದ ದಿನ ಅವನಿಗೆ ಉಸಿರಾಡಲೂ ಬಿಡುವಿಲ್ಲ. "ಇನ್ನೂರು ವರ್ಷ ಎಷ್ಟು ಬಿರುಗಾಳಿ ಕಂಡಿದೆ ಈ ಮನೆ. ನಿನ್ನ ಬೆರಳು ಲೆಕ್ಕಕ್ಕೆ ಬೀಳುತ್ತಾ?"

ಬಿರುಗಾಳಿ ಕಂಡದ್ದು ನಿಜ. ಆದರೆ ಆ ಇನ್ನೂರು ವರ್ಷ ಯಾರೂ ಆ ಗೋಡೆಗೆ ಸಿಮೆಂಟು ಬಳಿದಿರಲಿಲ್ಲ. ಬಳಿಸಿದವಳು ಕೆರೀನ್.

ಅವಳು ರಾಜಧಾನಿ ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿ, ಅಲ್ಲಿನ ಶಾಲೆಯಲ್ಲಿ ವಿಜ್ಞಾನಕ್ಕೆ ಬಹುಮಾನ ಪಡೆದು, ಬಾಯ್ಲರು ಕಂಪನಿಯ ಆಫೀಸಿನಲ್ಲಿ ನಾಲ್ಕು ವರ್ಷ ದುಡಿದವಳು. ಅವಳು ಬೆಳೆದದ್ದು ಕಾಂಕ್ರೀಟು ಮನೆಯಲ್ಲಿ. ಮದುವೆಯಾಗಿ ಬಂದದ್ದು ಊರವರು ಮಿಸ್ ಇಸಿಲ್ಡಾ ಎಂದು ಕರೆಯುವ ಓನೀಲನ ಅಜ್ಜಿಯ ಈ ಮನೆಗೆ. ಮಹಾಗನಿ ಕಂಬಗಳ ಚೌಕಟ್ಟು, ನಡುವೆ ಒರಟು ಕಲ್ಲು, ಮೇಲೆ ಸುಣ್ಣದ ಗಾರೆ. ಊರವರ ಬಾಯಲ್ಲಿ ಅದು ಸ್ಪ್ಯಾನಿಷ್ ಗೋಡೆ. ಪ್ರತಿ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ಸಿಗೆ ಮುಂಚೆ, ಅಜ್ಜಿ ಗೋಡೆಗೆ ಹೊಸ ಸುಣ್ಣ ಹೊಡೆಸುತ್ತಿದ್ದರು. ಮುಟ್ಟಿದರೆ ಕೈಗೆ ಬಿಳಿ, ಒರಗಿದರೆ ಬೆನ್ನಿಗೆ ಬಿಳಿ.

ಮಗು ಅಂಬೆಗಾಲಿಡುವ ಮೊದಲೇ ಕೆರೀನಳಿಗೆ ಆ ಬಿಳಿ ಪುಡಿಯ ಚಿಂತೆ ಹತ್ತಿತ್ತು. ಫೆಬ್ರವರಿಯಲ್ಲಿ ಒಂದು ದಿನ ಮಂಚದ ಮೇಲೆ ಮಲಗಿದ್ದ ಕೂಸು ಗೋಡೆ ತಡವಿದ ಮುಷ್ಟಿಯನ್ನು ಬಾಯಿಗಿಟ್ಟುಕೊಂಡಿತು. ತುಟಿಯ ಮೇಲೆ ಸುಣ್ಣ. ಅವಳು ಕೂಗಿಕೊಂಡು, ಮಗುವಿನ ಬಾಯಿ ತೊಳೆದು, ಆಸ್ಪತ್ರೆಗೆ ಓಡಿದ್ದಳು. ಡಾಕ್ಟರು ನಕ್ಕು ಕಳಿಸಿದ್ದರು. ಅವಳಿಗೆ ನಗು ಬರಲಿಲ್ಲ.

ಮಾರ್ಚಿನಲ್ಲಿ ಅಜ್ಜಿ ಚರ್ಚಿನ ಸಮಾವೇಶಕ್ಕೆಂದು ಮ್ಯಾಂಡೆವಿಲ್‌ಗೆ ಹತ್ತು ದಿನ ಹೋದರು. ಅವರ ಬಸ್ಸು ತಿರುವು ದಾಟಿತೋ ಇಲ್ಲವೋ, ಕೆರೀನ್ ಹೊಸ ಬಡಾವಣೆಯಲ್ಲಿ ಕೆಲಸ ಮಾಡುವ ಒಬ್ಬ ಮೇಸ್ತ್ರಿಯನ್ನು ಕರೆಸಿದಳು. ಮಲಗುವ ಕೋಣೆ, ಮುಂದಿನ ಕೋಣೆ, ಬೀದಿಯ ಕಡೆಯ ಹೊರಗೋಡೆ, ಎಲ್ಲಕ್ಕೂ ಒಂದೂವರೆ ಅಂಗುಲ ಸಿಮೆಂಟು ಗಿಲಾವು, ಮೇಲೆ ಹೊಳೆಯುವ ಎಣ್ಣೆ ಬಣ್ಣ. ಹಳೆಯ ಕಟ್ಟಡಗಳನ್ನು ಕಾಯುವ ಸರ್ಕಾರಿ ಕಚೇರಿಯಿಂದ ಅನುಮತಿ ಬೇಕೆಂದು ಅವಳಿಗೆ ಗೊತ್ತಿತ್ತು. ಕೇಳಿದರೆ ಬೇಡವೆನ್ನುತ್ತಾರೆ ಎಂಬುದೂ ಗೊತ್ತಿತ್ತು.

ಆ ದಿನ ಬೀದಿಯಲ್ಲಿ ಹಾದುಹೋಗುತ್ತಿದ್ದ, ಊರೆಲ್ಲ ಗೌರವದಿಂದ ಮಾಸ್ ಎನಾಕ್ ಎಂದು ಕರೆಯುವ ಮುದುಕರು ಕಿಟಕಿಗೆ ಮುಖವಿಟ್ಟು ನೋಡಿದ್ದರು. ಒಂದು ಕಾಲಕ್ಕೆ ಗುಡ್ಡದ ಮೇಲೆ ಸುಣ್ಣದ ಭಟ್ಟಿ ಸುಡುತ್ತಿದ್ದವರು, ಊರಲ್ಲಿ ಗಾರೆ ಕೆಲಸ ಬಲ್ಲ ಕೊನೆಯ ಮನುಷ್ಯ. "ಮಗಾ, ಈ ಗೋಡೆ ಉಸಿರಾಡುತ್ತೆ. ಬಾಯಿಗೆ ಬಟ್ಟೆ ತುರುಕ್ಬೇಡ" ಎಂದಿದ್ದರು. "ನಿಮ್ಮ ಕಾಲ ಆಯ್ತು, ಮಾಸ್ ಎನಾಕ್. ಗೋಡೆಗೆ ಶ್ವಾಸಕೋಶ ಇರಲ್ಲ" ಎಂದು ಅವಳು ನಕ್ಕಿದ್ದಳು.

ಅಜ್ಜಿ ಊರಿಂದ ಬಂದು, ಚೀಲ ಕೆಳಗಿಟ್ಟು, ಗೋಡೆಗೆ ಅಂಗೈ ಒತ್ತಿ, "ಯಾರ ಮನೆ ಇದು?" ಎಂದರು.

ಬೇಸಿಗೆ ಚೆನ್ನಾಗಿಯೇ ಕಳೆಯಿತು. ಅಕ್ಟೋಬರಿನಲ್ಲಿ ಮಳೆ ಹಿಡಿಯಿತು. ಮೊದಲು ಬಣ್ಣದ ಮೇಲೆ ಗುಳ್ಳೆ ಎದ್ದಿತು. ಆಮೇಲೆ ಬಾಗಿಲ ಮೂಲೆಯಿಂದ ಕೂದಲೆಳೆಯಂಥ ಬಿರುಕು. ಈಗ ಆ ಬಿರುಕಿನಲ್ಲಿ ಅವಳ ಉಗುರು ಇಳಿಯುತ್ತಿತ್ತು.

ಮಗುವನ್ನು ಸೊಂಟಕ್ಕೇರಿಸಿಕೊಂಡು ಅವಳು ಹೊರಗೆ ಬಂದಳು. ಜಗಲಿಯಲ್ಲಿ ಅಜ್ಜಿ ಬಂಗುಡೆ ಸಾರಿಗೆ ತೆಂಗಿನಕಾಯಿ ತುರಿಯುತ್ತಿದ್ದರು. ಹಡಗಿನಿಂದಿಳಿದ ಇಬ್ಬರು ಬಿಳಿ ಹೆಂಗಸರು ಬೀದಿಯಾಚೆ ನಿಂತು ಮನೆಯ ಫೋಟೋ ತೆಗೆಯುತ್ತಿದ್ದರು. ಅಜ್ಜಿ ತುರಿಯುವುದನ್ನು ನಿಲ್ಲಿಸಿ ಟೋಪಿ ಸರಿಮಾಡಿಕೊಂಡರು.

"ಗ್ರ್ಯಾನಿ, ಗೋಡೆ ಇನ್ನೂ ಮುಂದೆ ಬಂದಿದೆ."

"ಬರಲಿ ಬಿಡು. ಫೋಟೋಗೆ ಬರ್ತಿರ್ಬೇಕು."

"ತಮಾಷೆ ಅಲ್ಲ ಗ್ರ್ಯಾನಿ."

"ನಿನಗೆ ಹಲ್ಲಿ ಕಂಡ್ರೂ ಭಯ, ಮೋಡ ಕಂಡ್ರೂ ಭಯ. ಕಿಂಗ್‌ಸ್ಟನ್ನಲ್ಲಿ ಬರೀ ಹೆದರೋದನ್ನೇ ಕಲಿಸಿದ್ರಾ?"

ಅಷ್ಟರಲ್ಲಿ ಮಾಸ್ ಎನಾಕ್ ಕೋಲೂರಿಕೊಂಡು ಬ್ರೆಡ್ ಅಂಗಡಿಯ ಕಡೆ ಹೊರಟಿದ್ದು ಕಾಣಿಸಿತು. ಕೆರೀನ್ ನಾಚಿಕೆ ನುಂಗಿ ಕೂಗಿದಳು: "ಮಾಸ್ ಎನಾಕ್, ಒಂದ್ನಿಮಿಷ ಒಳಗೆ ಬರ್ತೀರಾ?"

ಮುದುಕರು ಮೆಟ್ಟಿಲ ಬಳಿ ನಿಂತರು. "ಯಾಕಮ್ಮ, ಶ್ವಾಸಕೋಶ ಸಿಕ್ತಾ?"

ಅವಳ ಕಣ್ಣಲ್ಲಿ ನೀರು ಕಂಡು ಅವರು ಮುಂದೆ ಚುಚ್ಚಲಿಲ್ಲ.

ಕೋಣೆಯಲ್ಲಿ ಅವರು ಗೋಡೆಗೆ ಕಿವಿಯಾನಿಸಿ ಬೆರಳ ಗೆಣ್ಣಿನಿಂದ ಕುಟ್ಟುತ್ತ ಹೋದರು. ಒಂದು ಕಡೆ ಗಟ್ಟಿ ಸದ್ದು, ಇನ್ನೊಂದು ಕಡೆ ಖಾಲಿ ಡಬ್ಬದ ಸದ್ದು. ಬಾಗಿಲ ಮೂಲೆಗೆ ಬಂದಾಗ ಸದ್ದೇ ಇಲ್ಲ, ಹಸಿ ಹಿಟ್ಟಿಗೆ ಬಡಿದಂತೆ. ಕಿಸೆಯಿಂದ ಉದ್ದ ಮೊಳೆ ತೆಗೆದು ಬಿರುಕಿಗೆ ಒತ್ತಿದರು. ಬೇಯಿಸಿದ ಗೆಣಸಿಗೆ ಇಳಿದಂತೆ ಅದು ತಲೆಯವರೆಗೂ ಇಳಿಯಿತು. ಹೊರಗೆಳೆದಾಗ ಹಿಂದೆಯೇ ಒಂದು ಗುಟುಕಿನಷ್ಟು ಕಂದು ನೀರು ಗೋಡೆಯ ಮೇಲೆ ಇಳಿಯಿತು.

ಮುದುಕರ ಮುಖದಲ್ಲಿದ್ದ ತಮಾಷೆ ಆರಿಹೋಯಿತು.

"ಮಗೂನ ಹೊರಗೆ ಕರ್ಕೊಂಡ್ಹೋಗು" ಎಂದರು ಮೆಲ್ಲಗೆ.

ಜಗಲಿಯಲ್ಲಿ ನಿಂತು ಅವರು ಹೇಳಿದ್ದು ಕೆರೀನಳ ಕಿವಿಗೆ ಒಂದೊಂದಾಗಿ ಬಿತ್ತು. ಹಂಚಿನ ಸಂದಿನಿಂದ ಇಳಿದ ಮಳೆನೀರು ಮೊದಲಾಗಿದ್ದರೆ ಸುಣ್ಣದ ಮೂಲಕ ಆರಿಹೋಗುತ್ತಿತ್ತು. ಈಗ ಅದಕ್ಕೆ ಹೊರಬರಲು ದಾರಿ ಇಲ್ಲ. ಏಳು ತಿಂಗಳಿಂದ ಬಿದ್ದ ಸಣ್ಣಪುಟ್ಟ ಮಳೆಗೂ ಮರದ ಕಂಬ ಒಳಗೇ ನೆನೆದು ಕೊಳೆತಿದೆ. ಆ ಮೂಲೆಯ ಕಂಬದ ಮೇಲೆಯೇ ಚಾವಣಿಯ ದೊಡ್ಡ ತೊಲೆ ಕೂತಿದೆ.

"ನೀವೇ ಏನಾದ್ರೂ ಮಾಡಿ, ಮಾಸ್ ಎನಾಕ್. ಕೈ ಮುಗೀತೀನಿ."

"ನಾನು ಗೋಡೆ ಕಟ್ಟೋನು. ಚಾವಣಿ ಎತ್ತಿ ಹಿಡಿಯೋಕೆ ನನ್ನ ಕೈಲಾಗಲ್ಲ. ಹಳೇ ಕಟ್ಟಡದ ಕಚೇರಿಗೆ ಫೋನ್ ಮಾಡು. ಅವರ ಹತ್ರ ಕಬ್ಬಿಣದ ಆಸರೆಗಂಬ ಇದೆ, ಎಂಜಿನಿಯರ್ ಇದ್ದಾನೆ. ಇವತ್ತೇ ಮಾಡು. ಮತ್ತೆ ಮಾಡುವಾಗ ಮುಚ್ಚಿಡ್ಬೇಡ. ಯಾವ್ಯಾವ ಗೋಡೆಗೆ, ಎಷ್ಟು ದಪ್ಪ, ಒಳಗೆ ತಂತಿಬಲೆ ಇದೆಯಾ, ಎಲ್ಲಾ ಹೇಳು. ಈಗ ಗೋಡೆ ನಿಂತಿರೋದೇ ಆ ಸಿಮೆಂಟಿನ ಸಿಪ್ಪೆ ಮೇಲೆ. ಗೊತ್ತಿಲ್ದೆ ಒಂದು ಕಡೆ ಒಡೆದ್ರೆ ಇನ್ನೊಂದು ಕಡೆ ಕುಸಿಯುತ್ತೆ."

ತುರಿಯುವ ಸದ್ದು ನಿಂತಿತ್ತು.

"ಯಾರೂ ಫೋನ್ ಮಾಡಲ್ಲ" ಎಂದರು ಮಿಸ್ ಇಸಿಲ್ಡಾ.

"ಇಸಿಲ್ಡಾ, ಹಟ ಮಾಡ್ಬೇಡ."

"ನಿನಗೇನು ಗೊತ್ತು ಎನಾಕ್? ಆ ಕಚೇರಿಯವ್ರು ನನ್ನ ಗೆಳತಿ ಬರ್ಡಿ ಮನೆಗೂ ಬಂದ್ರಲ್ಲ. ಮನೆ ಖಾಲಿ ಮಾಡಿ ಅಂತ ಬಾಗಿಲಿಗೆ ಕಾಗದ ಅಂಟಿಸಿದ್ರು. ಎರಡು ವಾರದ ಮಾತು, ಆಮೇಲೆ ವಾಪಸ್ ಬನ್ನಿ ಅಂದ್ರು. ಬರ್ಡಿ ತನ್ನ ಒಳ್ಳೆ ಟೋಪೀನ ಗೂಟಕ್ಕೆ ಹಾಕಿಟ್ಟೇ ಹೋದ್ಲು, ಬಂದು ಹಾಕ್ಕೋತೀನಿ ಅಂತ. ನಾಲ್ಕು ವರ್ಷ ತಮ್ಮನ ಮನೇಲಿದ್ದು ಅಲ್ಲೇ ಸತ್ಲು. ನಾನು ಒಳಗೆ ಆ ಕೋಣೇಲೇ ಹುಟ್ಟಿದೋಳು. ಎಂಬತ್ನಾಲ್ಕು ವರ್ಷ ಆಯ್ತು. ನನ್ನನ್ನ ಯಾವನೂ ಎರಡು ವಾರಕ್ಕೆ ಅಂತ ಕಳಿಸೋದು ಬೇಡ."

ಹಾಗೆಂದು ಎದ್ದು ಒಳಗೆ ಹೋದರು. ಕೆರೀನ್ ಹಿಂದೆಯೇ ಮಲಗುವ ಕೋಣೆಯ ಬಾಗಿಲಿಗೆ ಬಂದು ನೋಡಿದಳು. ಅಜ್ಜಿ ತೂಗುಕುರ್ಚಿಯನ್ನು ಬಾಗಿಲ ಮೂಲೆಗೆ ಎಳೆದು, ಉಬ್ಬಿದ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು.

"ಗ್ರ್ಯಾನಿ! ಅಲ್ಲಿ ಬೇಡ!"

"ಆಸರೆ ಬೇಕು ಅಂದ್ನಲ್ಲ ಎನಾಕ್. ಕೊಟ್ಟಿದ್ದೀನಿ."

ಆಗಲೇ ಮಳೆ ಶುರುವಾಯಿತು. ಸುರಿದ ಹನಿ ಚಾವಣಿಯ ಮೇಲೆ ಕಲ್ಲೆಸೆದಂತೆ ಕೇಳಿತು. ಮಾಸ್ ಎನಾಕ್ ಮಗುವಿಗಾಗಿ ಕೈ ಚಾಚಿದರು. ಕೆರೀನ್ ಒಂದು ಕ್ಷಣ ಹಿಂಜರಿದಳು. ಅಮೋಯಾಳನ್ನು ಹುಟ್ಟಿದಾಗಿನಿಂದ ಅವಳು ಹೊರಗಿನವರ ಕೈಗೆ ಕೊಟ್ಟವಳಲ್ಲ. ಆಮೇಲೆ ತನ್ನ ಶಾಲನ್ನೇ ಮಗುವಿಗೆ ಸುತ್ತಿ ಕೊಟ್ಟಳು. ಮುದುಕರು ಬೀದಿ ದಾಟಿ ಬ್ರೆಡ್ ಅಂಗಡಿಯ ಚಪ್ಪರದಡಿ ನಿಂತರು. ಮಗುವಿನ ಅಳು ಮಳೆಯ ಸದ್ದಿನಲ್ಲಿ ಅಡಗಿತು.

ಕೆರೀನ್ ಒಳಗೆ ಬಂದು ಅಜ್ಜಿಯ ಮುಂದೆ ಮೊಣಕಾಲೂರಿದಳು. ತೋಳು ಹಿಡಿದು ಎಳೆದರೆ ಅಜ್ಜಿ ಕುರ್ಚಿಯ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದರು. ಗೋಡೆಯ ಒಳಗೆಲ್ಲೋ ಮೆಲ್ಲನೆ ಒಂದು ಸದ್ದಾಯಿತು, ನೆಟಿಕೆ ಮುರಿದಂತೆ. ಗುಲಾಬಿ ಬಣ್ಣದ ಒಂದು ಚಕ್ಕೆ ಕಳಚಿ ಅಜ್ಜಿಯ ಭುಜದ ಮೇಲೆ ಬಿತ್ತು. ಹಿಂದೆಯೇ ತೆರೆದಿದ್ದ ಬಾಗಿಲು, ಯಾರೂ ಮುಟ್ಟದೆ, ತೆರೆದಂತೆಯೇ ಕಿರ್ರೆಂದು ಬಿಗಿಯಾಯಿತು.

ಓಡಬೇಕೆಂದು ಕಾಲು ಹೇಳಿತು. ಬೀದಿಯಾಚೆ ಮಗು, ಇಲ್ಲಿ ಈ ಮುದುಕಿ, ನಡುವೆ ಅವಳೇ ಬಳಿಸಿದ ಗೋಡೆ. ಬಾಗಿಲಿಗೆ ಕಾಗದ ಬೀಳುತ್ತದೆ, ಅಜ್ಜಿ ಸಾಯುವವರೆಗೆ ಕ್ಷಮಿಸುವುದಿಲ್ಲ, ಓನೀಲ್ ಮುಖ ತಿರುಗಿಸುತ್ತಾನೆ, ಊರೆಲ್ಲ ಕಿಂಗ್‌ಸ್ಟನ್ನಿನ ಸೊಸೆ ಮನೆ ಬೀಳಿಸಿದಳು ಎನ್ನುತ್ತದೆ. ನಾಲ್ಕು ದಿನದಿಂದ ಇವೇ ಮಾತು ತಲೆಯಲ್ಲಿ ಸುತ್ತುತ್ತ ಅವಳ ಕೈ ಕಟ್ಟಿಹಾಕಿದ್ದವು. ಈಗಲೂ ಅವು ಹೋಗಿರಲಿಲ್ಲ. ಆದರೂ ಫೋನು ಕೈಯಲ್ಲಿತ್ತು, ಕಚೇರಿಯ ನಂಬರು ಒತ್ತಿಯಾಗಿತ್ತು.

"ಮಾಡ್ತೀಯಾ?" ಅಜ್ಜಿ ದುರುಗುಟ್ಟಿ ನೋಡಿದರು. "ಮಾಡು. ಮಾಡಿ ಹೇಳು, ಇದು ಯಾರ ಕೆಲಸ ಅಂತ. ಮುದುಕಿ ಮನೆ ನೋಡ್ಕೊಳ್ಲಿಲ್ಲ ಅಂತ ನನ್ನ ತಲೆಗೆ ಕಟ್ಬೇಡ."

ಆಚೆಯಿಂದ ಹೆಂಗಸೊಬ್ಬಳ ದನಿ ಬಂತು. ಕೆರೀನ್ ವಿಳಾಸ ಹೇಳಿದಳು. ಮಳೆಯ ಸದ್ದಿಗೆ ಎರಡು ಸಲ ಹೇಳಬೇಕಾಯಿತು. ಗೋಡೆ ಉಬ್ಬಿದೆ, ಮೂಲೆ ಕಂಬ ಕೊಳೆತಿದೆ, ಬಾಗಿಲು ಬಿಗಿದಿದೆ.

"ಮನೆಯೊಳಗೆ ಯಾರಾದ್ರೂ ಇದ್ದಾರಾ, ಮೇಡಂ?"

"ಇಬ್ಬರು. ನಾನು, ಮತ್ತೆ ನನ್ನ ಗಂಡನ ಅಜ್ಜಿ. ಅವರು ಕುರ್ಚಿ ಬಿಟ್ಟು ಏಳ್ತಿಲ್ಲ. ಹೊರಗೆ ಹೋದ್ರೆ ವಾಪಸ್ ಬರೋಕೆ ಬಿಡಲ್ಲ ಅಂತ ಅವರ ಭಯ. ಬಿಡ್ತೀರಾ? ಮೊದಲು ಅದು ಹೇಳಿ."

"ನೋಡದೆ ನಾನು ಮಾತು ಕೊಡೋಕಾಗಲ್ಲ ಮೇಡಂ. ಸುಳ್ಳು ಹೇಳಲ್ಲ. ನೀವು ಈಗಲೇ ಹೊರಗೆ ಬನ್ನಿ. ಸುಣ್ಣದ ಗೋಡೆ ತಾನೆ? ಯಾರಾದ್ರೂ ಸಿಮೆಂಟು ಹಾಕಿದ್ದಾರಾ?"

ಅಜ್ಜಿಯ ಕಣ್ಣು ಅವಳ ತುಟಿಯ ಮೇಲೇ ಇತ್ತು.

"ಹಾಕಿದೆ. ನಾನು ಹಾಕಿಸಿದ್ದು. ಅನುಮತಿ ಕೇಳ್ಲಿಲ್ಲ. ಅಜ್ಜಿಗೂ ಹೇಳ್ಲಿಲ್ಲ, ಅವರು ಊರಲ್ಲಿರ್ಲಿಲ್ಲ. ಈ ಮನೇನ ಅವರು ಎಂಬತ್ನಾಲ್ಕು ವರ್ಷ ಸರಿಯಾಗೇ ನೋಡ್ಕೊಂಡಿದ್ರು. ಹೆಸರು ಬರ್ಕೊಳ್ಳಿ, ಕೆರೀನ್ ಬ್ಲೇಗ್ರೋವ್. ಒಂದೂವರೆ ಅಂಗುಲ ದಪ್ಪ. ಮಲಗೋ ಕೋಣೆ ನಾಲ್ಕೂ ಗೋಡೆ..."

ಗೋಡೆ ಮತ್ತೊಮ್ಮೆ ಚಟಕ್ಕೆಂದಿತು. ಅವಳ ಮಾತು ಕಡಿಯಿತು. ಮೊಣಕೈಗೆ ಏನೋ ತಗುಲಿದಂತಾಗಿ ಬೆಚ್ಚಿ ನೋಡಿದಳು. ಅಜ್ಜಿ ಕುರ್ಚಿಯ ಹಿಡಿ ಬಿಟ್ಟು ಕೈ ಮುಂದೆ ಚಾಚಿದ್ದರು.

"ಹಿಡಿ. ಮಂಡಿ ಹಿಡ್ಕೊಂಡಿದೆ, ಒಬ್ಬಳೇ ಏಳೋಕಾಗಲ್ಲ" ಎಂದರು. "ಮುಂದಿನ ಕೋಣೆದೂ ಹೇಳು. ಅಲ್ಲಿ ಆ ಮೇಸ್ತ್ರಿ ತಂತಿಬಲೆ ಬಡಿದಿದ್ದಾನೆ, ಬಿರುಕಲ್ಲಿ ನಾನೇ ನೋಡಿದ್ದೀನಿ."

ಕೆರೀನ್ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಅಜ್ಜಿಯನ್ನು ಎತ್ತುತ್ತ, "ಮೇಡಂ, ಇದ್ದೀರಾ? ಮುಂದಿನ ಕೋಣೆಯಲ್ಲಿ ತಂತಿಬಲೆ ಇದೆ. ಅದನ್ನೂ ಬರ್ಕೊಳ್ಳಿ" ಎಂದಳು.